ಬೇಟೆ ತಳಿಯ ಎಳೆ ನಾಯಿ ಕಾಡಿನಲ್ಲಿ ತಪ್ಪಿಸಿಕೊಂಡರೆ ಏನು ಮಾಡಬೇಕು?

ಮಳೆ ಬಿಟ್ಟು ಗುಡ್ಡೆಯ ದಾರಿ ಒಣಗುವ ಹೊತ್ತಿಗೆ ಈ ಪ್ರಶ್ನೆ ಶುರುವಾಗುತ್ತದೆ. ಕಾರ್ಕಳದಿಂದ, ಹೆಬ್ರಿಯಿಂದ, ಮೂಡುಬಿದಿರೆಯಿಂದ, ಮಂಗಳೂರಿನ ಹೊರಗಿನ ಪದವುಗಳಿಂದ, ಅಂದರೆ ಬಯಲು ಗುಡ್ಡಗಳಿಂದ. "ಒಂದು ವರ್ಷದ ಬೀಗಲ್. ಹಗ್ಗ ಬಿಚ್ಚಿದ್ದೇ ತಡ, ಹಾಡಿಗೆ (ಊರಂಚಿನ ಕಾಡಿಗೆ) ನುಗ್ಗಿತು. ಎಷ್ಟು ಕರೆದರೂ ತಿರುಗಿ ನೋಡಲಿಲ್ಲ. ಮೂರು ಗಂಟೆ ಆಯ್ತು, ಈಗ ಏನು ಮಾಡ್ಲಿ?" ಕೆಲವರದ್ದು ಬೀಗಲ್, ಕೆಲವರದ್ದು ಮುಧೋಳ. ಪ್ರಶ್ನೆ ಮಾತ್ರ ಅದೇ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾಯಿ ಈಗಷ್ಟೇ ಕಾಣೆಯಾಗಿದೆ ಅಂತಾದರೆ ಮುಂದಿನ ಭಾಗ ಬಿಟ್ಟು ನೇರ ಹಂತ 1ಕ್ಕೆ ಹೋಗಿ.

ಕಣ್ಣಿನ ನಾಯಿಯೋ, ಮೂಗಿನ ನಾಯಿಯೋ?

ಬೇಟೆ ತಳಿಗಳೆಲ್ಲ ಒಂದೇ ತರ ಓಡುವುದಿಲ್ಲ. ಮುಧೋಳ, ರಾಜಪಾಳಯಂ ಮುಂತಾದವು ಕಣ್ಣಿನಿಂದ ಬೇಟೆಯಾಡುವ ನಾಯಿಗಳು. ಮೊಲವೋ ನವಿಲೋ ಕಂಡರೆ ಬಾಣದ ಹಾಗೆ ಹೋಗುತ್ತವೆ, ಎರಡು ನಿಮಿಷದಲ್ಲಿ ಕಿಲೋಮೀಟರ್ ದೂರ. ಆದರೆ ಪ್ರಾಣಿ ಕಣ್ಣಿಂದ ಮರೆಯಾದರೆ ಬೇಗ ನಿಲ್ಲುತ್ತವೆ. ನಿಂತು ತಲೆ ಎತ್ತಿ ನೋಡಿದಾಗಲೇ ಗೊತ್ತಾಗುವುದು, ತಾನು ಎಲ್ಲಿದ್ದೇನೆ ಅಂತ ತನಗೇ ಗೊತ್ತಿಲ್ಲ ಎಂದು.

ಬೀಗಲ್ ಮೂಗಿನ ನಾಯಿ. ಮೂಗು ನೆಲಕ್ಕೆ ಊರಿತೆಂದರೆ ಕಿವಿ ಬಂದ್. ನೀವು ಎಷ್ಟು ಕೂಗಿದರೂ ಅದಕ್ಕೆ ಕೇಳುವುದಿಲ್ಲ, ಹಟ ಅಂತ ತಿಳಿಯಬೇಡಿ. ಓಟ ನಿಧಾನ, ಆದರೆ ಹಂದಿಯ ಜಾಡು ಹಿಡಿದರೆ ಗಂಟೆಗಟ್ಟಲೆ ಬಿಡುವುದಿಲ್ಲ. ಒಳ್ಳೆಯ ವಿಷಯ ಏನೆಂದರೆ ತನ್ನ ಜಾಡನ್ನೇ ಮೂಸಿಕೊಂಡು ವಾಪಸ್ ಬರಲೂ ಅದಕ್ಕೆ ಬರುತ್ತದೆ.

ಎಂಟು ತಿಂಗಳಿಂದ ಎರಡು ವರ್ಷದ ಒಳಗಿನ ನಾಯಿಗಳೇ ಜಾಸ್ತಿ ತಪ್ಪಿಸಿಕೊಳ್ಳುವುದು. ಕಾಲಿಗೆ ದೊಡ್ಡ ನಾಯಿಯ ಓಟ ಬಂದಿರುತ್ತದೆ, ಬುದ್ಧಿ ಇನ್ನೂ ಮರಿಯದ್ದೇ.

ಹಂತ 1: ಬಿಟ್ಟ ಜಾಗ ಬಿಡಬೇಡಿ

ನಾಯಿಯ ಹಿಂದೆ ಓಡಬೇಡಿ. ನೀವು ಓಡಿದರೆ ಎರಡು ನಷ್ಟ. ನೀವು ಹೇಗೂ ಅದನ್ನು ಮುಟ್ಟುವುದಿಲ್ಲ, ಮತ್ತು ಅದು ವಾಪಸ್ ಬಂದಾಗ ಅಲ್ಲಿ ನೀವಿರುವುದಿಲ್ಲ. ಎಳೆ ನಾಯಿಗೆ ಕಾಡಿನಲ್ಲಿ ಗೊತ್ತಿರುವ ಜಾಗ ಒಂದೇ, ನಿಮ್ಮನ್ನು ಕೊನೆಗೆ ಕಂಡ ಜಾಗ. ಹಗ್ಗ ಬಿಚ್ಚಿದ ಮರದ ಬುಡ, ಕಾರು ನಿಲ್ಲಿಸಿದ ಕಡೆ, ಕಾಲು ಸಂಕದ (ಕಿರು ಸೇತುವೆಯ) ಹತ್ತಿರ, ಎಲ್ಲೇ ಆಗಲಿ, ಅಲ್ಲಿ ಒಬ್ಬರು ಇರಲೇಬೇಕು.

ನಿಂತಲ್ಲೇ ಮಾಡಬೇಕಾದ್ದು ಇಷ್ಟು. ಫೋನಿನಲ್ಲಿ ಲೊಕೇಶನ್ ಪಿನ್ ಹಾಕಿ, ಮನೆಯವರಿಗೆ ಕಳಿಸಿ. ಗಂಟೆ ಎಷ್ಟು, ಯಾವ ದಿಕ್ಕಿಗೆ ಓಡಿತು ಎಂದು ಬರೆದುಕೊಳ್ಳಿ. ಗಾಳಿ ಎತ್ತ ಬೀಸುತ್ತಿದೆ ನೋಡಿ. ಒಂದು ಚಿಟಿಕೆ ಒಣ ಮಣ್ಣು ಕೈಯಿಂದ ಬಿಟ್ಟರೆ ತಿಳಿಯುತ್ತದೆ. ನಿಮ್ಮ ವಾಸನೆ ಹೋಗುವುದು ಗಾಳಿ ಹೋಗುವ ಕಡೆಗೆ. ನಾಯಿ ಆ ಬದಿಯಿಂದ ಬರುವ ಸಾಧ್ಯತೆ ಹೆಚ್ಚು.

ಆಮೇಲೆ ಕರೆಯಿರಿ. ದಿನಾ ಊಟಕ್ಕೆ ಕರೆಯುವ ಸ್ವರದಲ್ಲೇ. ಸಿಟ್ಟಿನಲ್ಲಿ ಅಲ್ಲ, ಅಳುತ್ತಾ ಅಲ್ಲ. ನಾಲ್ಕೈದು ಸಲ ಕರೆದು ಎರಡು ನಿಮಿಷ ಸುಮ್ಮನಿರಿ, ಕಿವಿಗೊಡಿ. ಈ ಕಿವಿಗೊಡುವುದನ್ನೇ ಜನ ಮರೆಯುವುದು.

ಕೇಳಿದ್ದನ್ನು ಅರ್ಥ ಮಾಡಿಕೊಳ್ಳಿ. ಉದ್ದಕ್ಕೆ ಊಳಿಟ್ಟ ಹಾಗೆ ಸ್ವರ ಬರುತ್ತಾ ಜಾಗ ಬದಲಾಗುತ್ತಿದ್ದರೆ ಇನ್ನೂ ಜಾಡಿನ ಮೇಲಿದೆ, ಕಾಯಿರಿ. ಬೊಗಳುವಿಕೆ ಒಂದೇ ಜಾಗದಿಂದ ಬಿಡದೆ ಬರುತ್ತಿದ್ದರೆ ಹಂದಿಯನ್ನೋ ಹಾವನ್ನೋ ತಡೆದು ನಿಂತಿದೆ. ಇಬ್ಬರು ಸೇರಿ, ಕೋಲು ಹಿಡಿದು, ಜಾಗ್ರತೆಯಿಂದ ಹೋಗಿ ನೋಡಬಹುದು. ಸಣ್ಣಗೆ ಕುಂಯ್‌ಗುಡುವ ಸ್ವರ ಒಂದೇ ಕಡೆಯಿಂದ ಬಂದರೆ ಅದು ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಅದಕ್ಕೆ ಹಂತ 4 ನೋಡಿ. ಮಳೆಗಾಲದಲ್ಲಿ ತೋಡಿನ (ಸಣ್ಣ ಹಳ್ಳದ) ಸದ್ದಿಗೆ ಏನೂ ಕೇಳುವುದಿಲ್ಲ. ಆಗ ತೋಡು ಬಿಟ್ಟು ಸ್ವಲ್ಪ ಎತ್ತರಕ್ಕೆ ಹೋಗಿ ನಿಲ್ಲಿ.

ಹಂತ 2: ವಾಸನೆ ಬಿಟ್ಟು ಬನ್ನಿ

ಕತ್ತಲಾಗುವವರೆಗೂ ಬರಲಿಲ್ಲ ಎಂದರೆ ಆ ಜಾಗದಲ್ಲಿ ಮನೆಯ ವಾಸನೆ ಇರಬೇಕು. ನೀವು ಎರಡು ದಿನ ಹಾಕಿದ, ಒಗೆಯದ ಅಂಗಿ ಅಥವಾ ಲುಂಗಿ. ನಾಯಿ ಮಲಗುವ ಗೋಣಿ. ಒಂದು ಪಾತ್ರೆ ನೀರು. ಇವನ್ನು ದಾರಿಯಿಂದ ಸ್ವಲ್ಪ ಒಳಗೆ, ಮಳೆ ತಾಗದ ಕಡೆ ಇಡಿ. ಬಟ್ಟೆ ಮಡಚಿ ಇಡಬೇಡಿ, ಹರಡಿ. ಪಕ್ಕದಲ್ಲಿ ಒಂದು ಚೀಟಿ ಸಿಕ್ಕಿಸಿ: "ನಾಯಿ ಕಳೆದಿದೆ, ದಯವಿಟ್ಟು ಇದನ್ನು ತೆಗೆಯಬೇಡಿ", ಕೆಳಗೆ ನಿಮ್ಮ ನಂಬರು. ಇಲ್ಲದಿದ್ದರೆ ಬೆಳಿಗ್ಗೆ ಯಾರೋ ಕಸ ಅಂತ ಎತ್ತಿ ಬಿಸಾಡಿರುತ್ತಾರೆ.

ತಿಂಡಿ ಇಡುವ ವಿಷಯದಲ್ಲಿ ಜಾಗ್ರತೆ. ಒಣಮೀನು ಸುಟ್ಟರೆ ವಾಸನೆ ದೂರ ಹೋಗುತ್ತದೆ ನಿಜ, ಆದರೆ ನಿಮ್ಮ ನಾಯಿ ಒಂದಕ್ಕೇ ಅಲ್ಲ. ಬೀದಿನಾಯಿ, ಹಂದಿ, ಚಿರತೆ ಎಲ್ಲಕ್ಕೂ ಹೋಗುತ್ತದೆ. ಯಾರಾದರೂ ಅಲ್ಲೇ ಕಾಯುವಾಗ ಮಾತ್ರ ತಿಂಡಿ ಇಡಿ, ರಾತ್ರಿ ಬಿಟ್ಟು ಬರಬೇಡಿ. ಇನ್ನು ಕೆಲವರು ಮನೆಯ ಇನ್ನೊಂದು ನಾಯಿಯನ್ನು ರಾತ್ರಿ ಅಲ್ಲೇ ಕಟ್ಟಿ ಬರುತ್ತಾರೆ, ಬೊಗಳಿದರೆ ಬರುತ್ತದೆ ಎಂದು. ದಯವಿಟ್ಟು ಬೇಡ. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಅಂಗಳಕ್ಕೇ ಬಂದು ನಾಯಿ ಹೊತ್ತೊಯ್ಯುವ ಚಿರತೆ ಇದೆ. ಗುಡ್ಡೆಯಲ್ಲಿ ಕಟ್ಟಿದ ನಾಯಿಯನ್ನು ಬಿಡುತ್ತದೆಯೇ?

ರಾತ್ರಿ ಕಾಯುವುದಾದರೆ ಕಾರಿನೊಳಗೆ, ಲೈಟ್ ಆಫ್ ಮಾಡಿ, ಕನಿಷ್ಠ ಇಬ್ಬರು. ಬೈಕಿನಲ್ಲಿ ಬಂದವರು ರಾತ್ರಿ ಅಲ್ಲಿ ಕೂರುವುದು ಬೇಡ. ಬೆಳಕು ಹರಿಯುವ ಮುಂಚೆ ವಾಪಸ್ ಬಂದರೆ ಸಾಕು.

ಹಂತ 3: ಯಾರಿಗೆ ಹೇಳಬೇಕು?

ವಾಟ್ಸಾಪ್ ಸ್ಟೇಟಸ್ ಹಾಕಿ ಕೂತರೆ ಮಣಿಪಾಲದಲ್ಲಿರುವವರಿಗೆ ತಿಳಿಯುತ್ತದೆ, ಗುಡ್ಡೆಯ ಕೆಳಗಿನ ಮನೆಯವರಿಗೆ ತಿಳಿಯುವುದಿಲ್ಲ. ನಿಮಗೆ ಬೇಕಾದವರು ಬೆಳಿಗ್ಗೆ ಐದಕ್ಕೆ ಕಾಡಿನ ಅಂಚಿನಲ್ಲಿ ಇರುವವರು.

ಮೊದಲು ರಬ್ಬರ್ ಟ್ಯಾಪಿಂಗ್ ಮಾಡುವವರು. ತಲೆಗೆ ಟಾರ್ಚ್ ಕಟ್ಟಿಕೊಂಡು ಕತ್ತಲೆಯಲ್ಲೇ ತೋಟ ಸುತ್ತುತ್ತಾರೆ, ಅವರ ಕಣ್ಣಿಗೆ ಬೀಳದ ನಾಯಿ ಇಲ್ಲ. ಆಮೇಲೆ ಹಾಲಿನ ಸೊಸೈಟಿ. ಬೆಳಿಗ್ಗೆ, ಸಂಜೆ ಎರಡು ಹೊತ್ತು ಊರಿನ ಮನೆಮನೆಯಿಂದ ಒಬ್ಬೊಬ್ಬರು ಕ್ಯಾನ್ ಹಿಡಿದು ಅಲ್ಲಿಗೆ ಬರುತ್ತಾರೆ. ಹಾಲು ಅಳೆಯುವವರಿಗೆ ಒಂದು ಫೋಟೊ ಕೊಟ್ಟರೆ ಊರಿಗೇ ಹೇಳಿದ ಹಾಗೆ. ಕಟ್ಟಿದ ಬೀಡಿ ಒಪ್ಪಿಸುವ ಬೀಡಿ ಬ್ರಾಂಚ್, ಗೂಡಂಗಡಿ, ರಿಕ್ಷಾ ಸ್ಟ್ಯಾಂಡ್, ಶಾಲೆಯ ಮಕ್ಕಳು, ಶೇಂದಿ ಇಳಿಸುವ ಮೂರ್ತೆಯವರು, ಅಡಿಕೆ ಕೊಯ್ಲಿನವರು, ಇವರನ್ನೂ ಬಿಡಬೇಡಿ. ದೇವಸ್ಥಾನ, ಚರ್ಚ್, ಮಸೀದಿಯಲ್ಲಿ ಕೇಳಿಕೊಂಡರೆ ತಿಳಿದವರಿಗೆ ಹೇಳುತ್ತಾರೆ. ಮನೆಗಳಿಗೆ ಹೋದಾಗ ತುಳು ಬರುವವರು ತುಳುವಿನಲ್ಲೇ ಮಾತಾಡಿ. ತೋಟದ ಕೆಲಸಕ್ಕೆ ಹೊರಗಿನಿಂದ ಬಂದವರಿದ್ದರೆ ಹಿಂದಿ ಬರುವ ಒಬ್ಬರನ್ನು ಕರೆದುಕೊಂಡು ಹೋಗಿ.

ಹೇಳುವಾಗ ಒಂದು ಮಾತು ಕಡ್ಡಾಯ: "ಕಂಡರೆ ಓಡಿಸಬೇಡಿ, ಹಿಡಿಯಲು ಹೋಗಬೇಡಿ. ಫೋನ್ ಮಾತ್ರ ಮಾಡಿ." ಒಳ್ಳೆಯ ಮನಸ್ಸಿನಿಂದ ನಾಲ್ಕು ಹುಡುಗರು ಅಟ್ಟಿಸಿಕೊಂಡು ಹೋದರೆ ನಾಯಿ ಮೂರು ಕಿಲೋಮೀಟರ್ ಆಚೆ.

ನಿಮ್ಮ ನಾಯಿ ಯಾರದ್ದೋ ಕೋಳಿ ಹಿಡಿದಿದ್ದರೆ ವಾದ ಮಾಡಬೇಡಿ, ದುಡ್ಡು ಕೊಡಿ. ಕೋಳಿ ಕಳೆದುಕೊಂಡವರು ಸಿಟ್ಟಿನಲ್ಲಿದ್ದರೆ ನಾಯಿ ಕಂಡರೂ ಹೇಳುವುದಿಲ್ಲ, ಕೆಲವೊಮ್ಮೆ ವಿಷ ಇಡುವವರೂ ಇದ್ದಾರೆ.

ಪೋಸ್ಟರಿನಲ್ಲಿ ದೊಡ್ಡ ಫೋಟೊ, "ನಾಯಿ ಕಳೆದಿದೆ", ಜಾಗ, ನಂಬರು, ಅಷ್ಟೇ ಸಾಕು. ನಾಯಿಯ ಒಂದು ಗುರುತನ್ನು ಮಾತ್ರ ಬರೆಯದೆ ಇಟ್ಟುಕೊಳ್ಳಿ, ಹೊಟ್ಟೆಯ ಅಡಿಯ ಮಚ್ಚೆಯೋ, ಕಿವಿಯ ಗಾಯವೋ. "ನಾಯಿ ನಮ್ಮಲ್ಲಿದೆ, ಮೊದಲು ಗೂಗಲ್ ಪೇ ಮಾಡಿ" ಎನ್ನುವ ಫೋನು ಬಂದರೆ ಆ ಗುರುತು ಕೇಳಿ.

ನಾಯಿ ಮೀಸಲು ಅರಣ್ಯದ ಕಡೆಗೆ ಹೋಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಲೇಬೇಕು. ಸಹಾಯವಾಣಿ 1926. ಇನ್ನೂ ಒಳ್ಳೆಯದು ನೇರ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗುವುದು. ಸೋಮೇಶ್ವರ, ಮೂಕಾಂಬಿಕಾ ವನ್ಯಜೀವಿಧಾಮ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ, ನಾಯಿ ಹುಡುಕಲು ಅಂದರೂ ಅಷ್ಟೇ. ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಬೇಟೆ ತಳಿ ಸಾಕುವುದು ತಪ್ಪಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೋವಿ ಹೊಡೆಯುವುದಷ್ಟೇ ಅಲ್ಲ. ಅಟ್ಟಿಸುವುದು, ಉರುಳು ಹಾಕುವುದು, ಆಮಿಷ ಒಡ್ಡುವುದು ಎಲ್ಲವೂ ಅದರಲ್ಲಿ ಬರುತ್ತದೆ. ಹಿಂದೆ ತುಳುನಾಡಿನ ಕೆಡ್ಡಸ ಹಬ್ಬಕ್ಕೆ ಊರವರೆಲ್ಲ ನಾಯಿ ಕಟ್ಟಿಕೊಂಡು ಗುಡ್ಡೆ ಹತ್ತುತ್ತಿದ್ದ ಕಥೆ ಅಜ್ಜಂದಿರು ಹೇಳುತ್ತಾರೆ. ಆ ಕಾಲ ಹೋಯಿತು. ನಾಯಿ ತಪ್ಪಿಸಿಕೊಂಡ ಕೂಡಲೇ ನೀವೇ ಹೋಗಿ ತಿಳಿಸಿದರೆ ಅನುಮಾನಕ್ಕೆ ಜಾಗ ಇರುವುದಿಲ್ಲ. ಗಸ್ತಿನವರ ಕಣ್ಣೂ ನಿಮ್ಮ ಪರ ಆಗುತ್ತದೆ.

ಹಂತ 4: ಕಾಡಿನ ಅಂಚು ಹುಡುಕುವ ಕ್ರಮ

ಹೊತ್ತು: ಬೆಳಕು ಹರಿದ ಕೂಡಲೇ ಎರಡು ಗಂಟೆ, ಸಂಜೆ ಕತ್ತಲಾಗುವ ಮುಂಚೆ ಎರಡು ಗಂಟೆ. ನಡು ಮಧ್ಯಾಹ್ನ ನಾಯಿ ಎಲ್ಲೋ ನೆರಳಲ್ಲಿ ಬಿದ್ದುಕೊಂಡಿರುತ್ತದೆ, ಸದ್ದು ಮಾಡುವುದಿಲ್ಲ. ಹತ್ತು ಜನರ ಗುಂಪು ಬೇಡ. ಇಬ್ಬಿಬ್ಬರಾಗಿ ಹೋಗಿ. ಕಾಡುಕೋಣ ಇರುವ ಕಡೆ, ಸುಬ್ರಹ್ಮಣ್ಯ, ಬೆಳ್ತಂಗಡಿ ಬದಿಯ ಆನೆ ಓಡಾಡುವ ಕಡೆ ಸ್ಥಳೀಯರಿಲ್ಲದೆ ಹೋಗಲೇಬೇಡಿ.

ಕಾಡಿನ ನಡುವೆ ಸುಮ್ನೆ ಅಲೆಯುವ ಬದಲು ನಾಯಿ ಸಿಕ್ಕಿಬೀಳುವ ಜಾಗಗಳನ್ನು ಮೊದಲು ನೋಡಿ ಮುಗಿಸಿ.

*ಕಟ್ಟೆ ಇಲ್ಲದ ಬಾವಿ.* ಹಳೇ ತೋಟಗಳಲ್ಲಿ ಪೊದೆ ಮುಚ್ಚಿದ ಬಾವಿಗಳಿವೆ. ಟಾರ್ಚ್ ಹಾಕಿ ನೋಡಿ, ಅಂಚಿಗೆ ಹೋಗಬೇಡಿ. ನಾಯಿ ನೀರಿನಲ್ಲಿದ್ದರೆ ಹಲಗೆಯನ್ನೋ ಬಾಳೆ ದಿಂಡನ್ನೋ ಹಗ್ಗ ಕಟ್ಟಿ ಇಳಿಸಿ. ಮುಂಗಾಲು ಊರಲು ಏನಾದರೂ ಸಿಕ್ಕರೆ ಗಂಟೆಗಟ್ಟಲೆ ತಾಳುತ್ತದೆ. ನೀವು ಇಳಿಯಬೇಡಿ, ಪಾಳು ಬಾವಿಯಲ್ಲಿ ಉಸಿರು ಕಟ್ಟುವ ಗಾಳಿ ಇರಬಹುದು. 112ಕ್ಕೆ ಫೋನ್ ಮಾಡಿ, ಅಗ್ನಿಶಾಮಕದವರು ಬರುತ್ತಾರೆ.

*ಕೆಂಪುಕಲ್ಲಿನ ಕೋರೆ.* ಪದವಿನ ತುಂಬ ಕಲ್ಲು ಕಡಿದು ಬಿಟ್ಟ ಹೊಂಡಗಳು. ಗೋಡೆ ಕತ್ತರಿಸಿಟ್ಟ ಹಾಗೆ ನೇರ. ಬಿದ್ದ ನಾಯಿಗೆ ಹತ್ತಲು ಆಗುವುದಿಲ್ಲ. ಮಳೆ ಮುಗಿದ ಮೇಲೂ ತಿಂಗಳುಗಟ್ಟಲೆ ನೀರು ನಿಂತಿರುತ್ತದೆ. ಪ್ರತಿಯೊಂದರ ನಾಲ್ಕೂ ಬದಿ ನೋಡಿ.

*ಸುರಂಗ.* ವಿಟ್ಲ, ಪುತ್ತೂರು ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿವೆ. ಒಳಗೆ ತಂಪು, ಹೆದರಿದ ನಾಯಿ ನುಗ್ಗಿ ಕೂರುವ ಜಾಗ. ನೀವು ತೆವಳಿಕೊಂಡು ಹೋಗಬೇಡಿ. ಸುರಂಗದ ಬಾಯಲ್ಲಿ ನಿಮ್ಮ ಬಟ್ಟೆ ಇಟ್ಟು, ಮೆಲ್ಲನೆ ಕರೆದು, ಪಕ್ಕಕ್ಕೆ ಸರಿದು ಕೂರಿ.

*ಉರುಳು.* ಹಂದಿಗೆ ಹಾಕಿದ ತಂತಿಯ ಕುಣಿಕೆ. ತೋಟದ ಬೇಲಿ ಕಂಡಿಯಲ್ಲಿ, ಹಂದಿ ಜಾಡಿನಲ್ಲಿ ಇರುತ್ತದೆ. ಮೂಗಿನ ನಾಯಿ ಅದೇ ಜಾಡಿನಲ್ಲಿ ಹೋಗುವುದರಿಂದ ಸಿಕ್ಕಿಕೊಳ್ಳುವುದೂ ಇದೇ. ಒಂದು ಕಟಿಂಗ್ ಪ್ಲೈಯರ್ ಜೇಬಿನಲ್ಲಿರಲಿ. ನೋವಿನಲ್ಲಿರುವ ನಾಯಿ ಯಜಮಾನನನ್ನೂ ಕಚ್ಚುತ್ತದೆ. ಮೊದಲು ತಲೆಯ ಮೇಲೆ ಟವೆಲ್ ಹಾಕಿ, ಆಮೇಲೆ ತಂತಿ ಕತ್ತರಿಸಿ. ಸೊಂಟಕ್ಕೆ ಬಿಗಿದಿದ್ದರೆ ಕತ್ತರಿಸಿದ ಮೇಲೆ ಚೆನ್ನಾಗಿ ನಡೆದರೂ ವೈದ್ಯರಿಗೆ ತೋರಿಸಿ, ಒಳಗಿನ ಪೆಟ್ಟು ಆಮೇಲೆ ಗೊತ್ತಾಗುವುದು.

*ಕರೆಂಟ್ ಬೇಲಿ.* ಬೇಲಿಯ ಪಕ್ಕ ನಾಯಿ ಬಿದ್ದಿದ್ದರೆ ಮುಟ್ಟಬೇಡಿ. ಎಷ್ಟೇ ಸಂಕಟ ಆದರೂ ಮುಟ್ಟಬೇಡಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ. ಹಾಗೆಯೇ ಗುಡ್ಡೆಯಲ್ಲಿ ಹಿಟ್ಟಿನ ಉಂಡೆಯಂಥದ್ದೋ ಮಾಂಸ ಸುತ್ತಿದ್ದೋ ಏನಾದರೂ ಕಂಡರೆ ಕಾಲಿಂದಲೂ ಮುಟ್ಟಬೇಡಿ, ಹಂದಿಗೆ ಇಟ್ಟ ಸಿಡಿಮದ್ದು ಇರಬಹುದು.

ಇನ್ನು ನಿಮ್ಮ ಮೈ. ಡಿಸೆಂಬರಿನಿಂದ ಮೇ ತನಕ ಕಾಡಿಗೆ ಹೋಗುವವರು ಉಣುಗಿನ ಬಗ್ಗೆ ಎಚ್ಚರ ಇರಬೇಕು. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಘಟ್ಟದ ಕೆಳಗೂ ಇದೆ. ಉದ್ದ ಪ್ಯಾಂಟ್, ಅದರ ತುದಿ ಸಾಕ್ಸ್ ಒಳಗೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಸಿಕ್ಕಿದರೆ ಕೈಕಾಲಿಗೆ ಹಚ್ಚಿಕೊಳ್ಳಿ, ನಾಯಿಗೆ ಹಚ್ಚಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ನೆನೆಹಾಕುವುದು.

ಹಂತ 5: ಕಂಡಾಗ ಹಿಡಿಯುವುದು

ಎಷ್ಟೋ ಜನರ ಕೈ ತಪ್ಪುವುದು ಇಲ್ಲೇ. ಎರಡು ರಾತ್ರಿ ಕಾಡಿನಲ್ಲಿ ಕಳೆದ ಎಳೆ ನಾಯಿ ನಿಮ್ಮನ್ನು ಕಂಡ ಕೂಡಲೇ ಓಡಿ ಬಂದು ಮೈಮೇಲೆ ಹಾರುತ್ತದೆ ಅಂದುಕೊಂಡಿರುತ್ತೀರಿ ಅಲ್ವಾ? ಜಾಸ್ತಿ ಸಲ ಹಾಗಾಗುವುದಿಲ್ಲ. ಹೆದರಿದ ನಾಯಿಗೆ ಆ ಹೊತ್ತಿಗೆ ಎಲ್ಲ ಮನುಷ್ಯರೂ ಒಂದೇ. ಅದು ಪೊದೆಯ ಅಂಚಿನಲ್ಲಿ ನಿಲ್ಲುತ್ತದೆ. ಬಾಲ ಕಾಲಿನ ನಡುವೆ, ಒಂದು ಮುಂಗಾಲು ಅರ್ಧ ಎತ್ತಿಕೊಂಡು, ಮೂಗಿನ ಹೊಳ್ಳೆ ಮಾತ್ರ ಅಲ್ಲಾಡುತ್ತಿರುತ್ತದೆ. ಕಣ್ಣು ನಿಮ್ಮನ್ನು ಗುರುತಿಸಿಲ್ಲ, ಮೂಗಿನಿಂದ ಲೆಕ್ಕ ಹಾಕುತ್ತಿದೆ.

ಆಗ ಹೆಸರು ಹಿಡಿದು ಕಿರುಚಬೇಡಿ. ಎದುರಿಗೆ ನಡೆಯಬೇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಅದಕ್ಕೆ ಮಗ್ಗುಲು ಕೊಟ್ಟು ನೆಲದ ಮೇಲೆ ಕೂತುಬಿಡಿ. ಬಿಸ್ಕತ್ ಪ್ಯಾಕೆಟ್ ಸರಪರ ಮಾಡಿ, ನೀವೇ ಒಂದು ತಿನ್ನಿ. ಮಣ್ಣು ಕೆದಕುತ್ತಾ ಮನೆಯಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಏನಾದರೂ ಗೊಣಗಿ. ಐದು ನಿಮಿಷ ಆಗಬಹುದು, ಅರ್ಧ ಗಂಟೆಯೂ ಆಗಬಹುದು. ಗಾಳಿ ನಿಮ್ಮ ಕಡೆಯಿಂದ ಅದರ ಕಡೆಗೆ ಇದ್ದರೆ ಕೆಲಸ ಬೇಗ. ವಾಸನೆ ಸಿಕ್ಕಿತೆಂದರೆ ಒಮ್ಮೆಲೇ ಮೈ ಸಡಿಲ ಬಿಡುತ್ತದೆ, ಬಾಲ ಅಲ್ಲಾಡುತ್ತದೆ.

ಹತ್ತಿರ ಬಂದರೂ ಕೊರಳಪಟ್ಟಿಗೆ ಗಬಕ್ಕನೆ ಕೈ ಹಾಕಬೇಡಿ. ಕೈಯಿಂದ ತಿನ್ನಲಿ, ಎದೆ ಸವರಿ, ಆಮೇಲೆ ಹಗ್ಗದ ಕುಣಿಕೆ ಮೆಲ್ಲನೆ ತಲೆಯ ಮೇಲಿಂದ ಇಳಿಸಿ. ಎರಡು ದಿನ ಉಪವಾಸ ಇದ್ದ ಬೀಗಲಿನ ಕುತ್ತಿಗೆಯಿಂದ ಹಳೇ ಪಟ್ಟಿ ಜಾರಿ ಹೋಗಬಹುದು. ಹಾಗಾಗಿ ಬರೀ ಪಟ್ಟಿಯನ್ನು ನಂಬಬೇಡಿ. ಬೈಯಬೇಡಿ, ಹೊಡೆಯಲೇಬೇಡಿ. ವಾಪಸ್ ಬಂದದ್ದಕ್ಕೆ ಹೊಡೆದರು ಅಂತಲೇ ಅದಕ್ಕೆ ನೆನಪಿರುವುದು.

ಹಂತ 6: ಸಿಕ್ಕಿದ ಮೇಲೆ

ಒಂದೇ ಸಲ ಹೊಟ್ಟೆ ತುಂಬ ಹಾಕಬೇಡಿ. ಸ್ವಲ್ಪ ಸ್ವಲ್ಪ ನೀರು, ಅರ್ಧ ಗಂಟೆ ಬಿಟ್ಟು ಒಂದು ಹಿಡಿ ಗಂಜಿ ಅನ್ನ. ಆಮೇಲೆ ಮೈ ಪೂರ್ತಿ ನೋಡಿ. ಬೆರಳ ಸಂದಿ, ಕಿವಿಯ ಒಳಗೆ, ಕಂಕುಳು. ಉಣುಗು ಇದ್ದರೆ ಸೀಮೆಎಣ್ಣೆ ಹಾಕುವುದು, ಬೆಂಕಿ ತಾಗಿಸುವುದು ಬೇಡ, ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಕೈಗೆ ಗ್ಲೌಸ್ ಇರಲಿ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಮಂಕು, ವಸಡು ಬಿಳುಪಾಗುವುದು ಕಂಡರೆ ಉಣುಗು ಜ್ವರ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ.

ಮಳೆಗಾಲದಲ್ಲಿ ನಾಯಿ ಬಿಡದೆ ಸೀನುತ್ತಿದ್ದರೆ, ಒಂದೇ ಹೊಳ್ಳೆಯಿಂದ ರಕ್ತ ಹನಿಯುತ್ತಿದ್ದರೆ ಮೂಗಿನೊಳಗೆ ಜಿಗಣೆ ಹೊಕ್ಕಿರಬಹುದು. ಮೈಮೇಲಿನ ಜಿಗಣೆಗೆ ಉಪ್ಪು ಸಾಕು, ಮೂಗಿಗೆ ಉಪ್ಪು ಸುಣ್ಣ ಏನೂ ಹಾಕಬೇಡಿ. ಅದು ಪಶುವೈದ್ಯರ ಕೆಲಸ. ಮುಖದಲ್ಲಿ ಮುಳ್ಳುಹಂದಿಯ ಮುಳ್ಳು ನೆಟ್ಟಿದ್ದರೂ ಅಷ್ಟೇ, ಮನೆಯಲ್ಲಿ ಎಳೆದರೆ ಮುರಿದು ಒಳಗೇ ಉಳಿಯುತ್ತದೆ. ಮುಖವೋ ಕಾಲೋ ಒಮ್ಮೆಲೇ ಊದಿದ್ದರೆ ಹಾವು ಕಚ್ಚಿರುವ ಸಾಧ್ಯತೆ ಇದೆ. ಕಟ್ಟು ಹಾಕಬೇಡಿ, ಕೊಯ್ಯಬೇಡಿ, ನಡೆಸಬೇಡಿ, ಎತ್ತಿಕೊಂಡೇ ಹೋಗಿ. ಹೊರಡುವ ಮೊದಲು ಫೋನ್ ಮಾಡಿ ವಿಷದ ಔಷಧಿ ಇದೆಯಾ ಕೇಳಿ. ವೈದ್ಯರು ದೂರ ಇದ್ದರೆ 1962ಕ್ಕೆ ಕರೆ ಮಾಡಬಹುದು, ಅದು ಪಶುಗಳ ಆಂಬುಲೆನ್ಸ್ ಸೇವೆಯ ನಂಬರು.

ಕಚ್ಚಿದ ಗಾಯ ಇದ್ದರೆ ಹಿಂದೆ ಲಸಿಕೆ ಆಗಿದ್ದರೂ ರೇಬೀಸ್ ಬಗ್ಗೆ ವೈದ್ಯರನ್ನು ಕೇಳಿ. ಹಿಡಿಯುವಾಗ ನಿಮಗೇ ಹಲ್ಲು ತಾಗಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಮನೆಯ ನಾಯಿ ಅಲ್ವಾ ಅಂತ ಬಿಡಬೇಡಿ.

ಮುಂದಿನ ಸಲ ಬಿಚ್ಚುವ ಮೊದಲು

ಮೈಕ್ರೋಚಿಪ್ ಬಗ್ಗೆ ತಪ್ಪು ತಿಳುವಳಿಕೆ ಬಹಳ. ಅದು ಚರ್ಮದಡಿ ಹಾಕುವ ಅಕ್ಕಿಕಾಳಿನಷ್ಟು ದೊಡ್ಡ ವಸ್ತು, ಅದರಲ್ಲಿ 15 ಅಂಕಿಯ ನಂಬರು ಮಾತ್ರ ಇರುತ್ತದೆ. ಬ್ಯಾಟರಿ ಇಲ್ಲ, ನಾಯಿ ಎಲ್ಲಿದೆ ಎಂದು ಹೇಳುವುದಿಲ್ಲ. ಸಿಕ್ಕಿದವರು ಸ್ಕ್ಯಾನರ್ ಇರುವ ವೈದ್ಯರ ಹತ್ತಿರ ಒಯ್ದರೆ ಮಾತ್ರ ಉಪಯೋಗ. ಬ್ಲೂಟೂತ್ ಟ್ಯಾಗ್ ಪೇಟೆಯಲ್ಲಿ ಸರಿ, ಹತ್ತಿರ ಯಾರದ್ದಾದರೂ ಫೋನ್ ಇರಬೇಕು. ಕಾಡಿನಲ್ಲಿ ಯಾರ ಫೋನು? ಸಿಮ್ ಇರುವ ಜಿಪಿಎಸ್ ಪಟ್ಟಿ ಇವೆಲ್ಲಕ್ಕಿಂತ ವಾಸಿ. ಆದರೆ ಘಟ್ಟದ ಬುಡದಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ಕೊನೆಗೆ ಸಿಗ್ನಲ್ ಸಿಕ್ಕಿದ ಜಾಗ ಮಾತ್ರ ತೋರಿಸುತ್ತದೆ. ಕೊಳ್ಳುವ ಮೊದಲು ನಿಮ್ಮ ಗುಡ್ಡೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಬರುತ್ತದೆ ನೋಡಿ. ದುಡ್ಡಿಲ್ಲದಿದ್ದರೆ ಪಟ್ಟಿಯ ಮೇಲೆ ಫೋನ್ ನಂಬರು ಹೊಲಿಸಿ, ಒಂದು ಸಣ್ಣ ಗೆಜ್ಜೆ ಕಟ್ಟಿ. ನನ್ನ ಮಟ್ಟಿಗೆ ಗೆಜ್ಜೆಯಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ.

ಸೀಟಿ ಅಭ್ಯಾಸ ಮಾಡಿಸಿ. ಗಂಟಲು ಕಟ್ಟಿದರೂ, ಹೆದರಿಕೆಯಲ್ಲಿ ಸ್ವರ ನಡುಗಿದರೂ ಸೀಟಿಯ ಸದ್ದು ಬದಲಾಗುವುದಿಲ್ಲ. ಪ್ರತಿ ಸಲ ಊಟ ಹಾಕುವ ಮೊದಲು ಮೂರು ಸಲ ಊದಿ. ಕೆಲವು ವಾರ ಬಿಡದೆ ಮಾಡಿದರೆ ಸೀಟಿ ಅಂದರೆ ಊಟ ಅಂತ ತಲೆಗೆ ಹೋಗಿರುತ್ತದೆ. ಆಮೇಲೆ ಹತ್ತು ಮೀಟರ್ ಉದ್ದದ ಹಗ್ಗ ಕಟ್ಟಿ ಹೊರಗೆ ಅಭ್ಯಾಸ. ಗುಡ್ಡೆಯ ಪೊದೆಗಳಲ್ಲಿ ಉದ್ದ ಹಗ್ಗ ಸುತ್ತಿಕೊಳ್ಳುತ್ತದೆ, ಅಲ್ಲಿ ಬೇಡ. ಕೊಯ್ಲು ಮುಗಿದ ಬೈಲುಗದ್ದೆ ಇದಕ್ಕೆ ಸರಿಯಾದ ಜಾಗ, ಗದ್ದೆಯವರನ್ನು ಒಂದು ಮಾತು ಕೇಳಿ. ಉದ್ದು ಬಿತ್ತಿದ್ದರೆ ಪಕ್ಕದ ಗದ್ದೆಗೆ ಹೋಗಿ.